ಕೋಬಿಗೆ ಪಾಸ್ ಕೊಟ್ಟವನ ಜೆರ್ಸಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟಗಾರರು ಮ್ಯಾಚಲ್ಲಿ ಹಾಕ್ಕೊಂಡು ಆಡಿದ ಜೆರ್ಸಿ ಕಲೆಕ್ಟ್ ಮಾಡ್ತೀನಿ ಅಂದ್ರೆ ಮೈಸೂರಲ್ಲಿ ಎಲ್ರೂ ಕೇಳೋದು ಒಂದೇ, "ಜೋರ್ಡನ್‌ದು ಇದ್ಯಾ?" ಇಲ್ಲ ಸ್ವಾಮಿ. 1998ರ ಫೈನಲ್ಸ್ ಮೊದಲ್ನೇ ಮ್ಯಾಚಿನ ಜೋರ್ಡನ್ ಜೆರ್ಸಿ 2022ರಲ್ಲಿ ಸೋದಬೀಸ್ ಹರಾಜಲ್ಲಿ 1.01 ಕೋಟಿ ಡಾಲರ್‌ಗೆ ಹೋಯ್ತು, ಅದೂ ಅವನ ಟೀಮು ಬುಲ್ಸ್ ಸೋತಿದ್ದ ಮ್ಯಾಚು. ಲೇಕರ್ಸ್ ಟೀಮಿನ ಕೋಬಿ ಬ್ರಯಂಟ್ ಎಂವಿಪಿ, ಅಂದ್ರೆ ಸೀಸನ್ನಿನ ಬೆಸ್ಟ್ ಆಟಗಾರ, ಆದ 2007-08ರ ಸೀಸನ್ನಲ್ಲಿ 25 ಮ್ಯಾಚಿಗೆ ಹಾಕಿದ್ದ ಒಂದು ಜೆರ್ಸಿ 2023ರಲ್ಲಿ 58 ಲಕ್ಷ ಡಾಲರ್. ನಮ್ಮ ಸಂಬಳಕ್ಕೆ ಅದೆಲ್ಲ ಟಿವೀಲಿ ನೋಡೋಕೆ ಮಾತ್ರ. ಆದ್ರೆ ಕೋಬಿಗೆ ಪಾಸ್ ಕೊಟ್ಟವನ ಜೆರ್ಸಿ ನಮ್ಮ ಕೈಗೂ ಎಟಕುತ್ತೆ, ಅಲ್ಲಿಂದಲೇ ನಾನು ಶುರು ಮಾಡಿದ್ದು. ನನ್ನ ಹತ್ರ ಇರೋ ಒಳ್ಳೇ ಪೀಸ್ ಅಂದ್ರೆ ಕೋಬಿ ಜೊತೆ ಆಡಿದ ಲ್ಯೂಕ್ ವಾಲ್ಟನ್ ಹಾಕಿದ್ದ ಲೇಕರ್ಸ್ ಹಳದಿ ಜೆರ್ಸಿ, ನಂಬರ್ 4. ಹತ್ರ ಹತ್ರ ಒಂದು ತಿಂಗಳ ಸಂಬಳ ಹೋಯ್ತು, ಕಸ್ಟಮ್ಸ್ ಡ್ಯೂಟಿ ಬೇರೆ. ಅತ್ತೆಯೋರು "ಯಾರೋ ಬೆವರಿದ ಬನೀನಿಗೆ ಇಷ್ಟು ದುಡ್ಡಾ" ಅಂದ್ರು, ಅದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ಹೊಸಬ್ರು ಯಾರಾದ್ರೂ ಕೇಳಿದ್ರೆ ನಾನು ಹೇಳೋದು, ಹಿಂದೆ ಹೊಲಿದಿರೋ ಹೆಸರು ನೋಡಿ ನಂಬಬೇಡಿ, ಜೊತೆಗೆ ಬರೋ ಸರ್ಟಿಫಿಕೇಟ್ ನೋಡಿ ಅಂತೂ ನಂಬಲೇಬೇಡಿ, ಬಟ್ಟೆ ನೋಡಿ. 1990ರ ಫೆಬ್ರವರಿ 14ಕ್ಕೆ ಒರ್ಲಾಂಡೋದಲ್ಲಿ ಜೋರ್ಡನ್ ಜೆರ್ಸೀನೇ ಯಾರೋ ಕದ್ದಿದ್ರು, ಜೋರ್ಡನ್ ಆವತ್ತು ಹೆಸರೇ ಇಲ್ಲದ 12ನೇ ನಂಬರ್ ಹಾಕ್ಕೊಂಡು 49 ಪಾಯಿಂಟ್ ಹೊಡೆದ. ಅಂದ್ರೆ ಹೆಸರಿಲ್ದೇನೂ ಅಸಲಿ ಇರಬಹುದು, ಹೆಸರಿದ್ದೂ ನಕಲಿ ಇರಬಹುದು.

ಇದನ್ನ ನನಗೆ ಸರಿಯಾಗಿ ಕಲಿಸಿದ್ದು ಮಂಡ್ಯದ ಒಬ್ರು ಟೈಲರ್. ಸ್ಕೂಲ್ ಕಾಲೇಜ್ ಟೀಮುಗಳಿಗೆ ಯೂನಿಫಾರ್ಮ್ ಹೊಲಿಯೋರು, ಎನ್‌ಬಿಎ ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ಒಂದ್ಸಲ ಒಬ್ಬ ಸೆಲ್ಲರ್ ತೊಂಬತ್ತರ ದಶಕದ ದೊಡ್ಡ ಸ್ಟಾರ್‌ದು ಅಂತ ಒಂದು ಚಾಂಪಿಯನ್ ಕಂಪನಿ ಜೆರ್ಸಿ ತೋರಿಸಿದ, ರೇಟು ಯಾಕೋ ಕಮ್ಮಿ ಅನ್ನಿಸ್ತು, ಉಲ್ಟಾ ತಿರುಗಿಸಿ ಒಳಗಡೆ ಫೋಟೋ ಕಳ್ಸು ಅಂದೆ. ಕಳಿಸಿದ. ಟೈಲರ್ ಕನ್ನಡಕ ಹಣೆ ಮೇಲಕ್ಕೆ ತಳ್ಳಿ, ಮೊಬೈಲ್ ಕಣ್ಣಿನ ಹತ್ರ ಹಿಡ್ಕೊಂಡು, ಬೆರಳಲ್ಲಿ ಹಿಗ್ಗಿಸಿ ನೋಡಿ, "ಸಾ, ಇಲ್ಲಿ ಮೊದ್ಲು ಬ್ಯಾರೆ ಪಟ್ಟಿ ಹೊಲ್ದಿದ್ರು, ಬಿಚ್ಚವ್ರೆ. ಸೂಜಿ ತೂತು ಹಂಗೇ ಅವೆ ನೋಡಿ, ಹೊಸಾ ಪಟ್ಟಿ ಒಂಚೂರು ಗಿಡ್ಡ" ಅಂದ್ರು. ನೋಡಿದ್ರೆ ಹೌದು, ಹೆಸರಿನ ಪಟ್ಟಿಯ ಎರಡೂ ತುದಿ ದಾಟಿ ಸಣ್ಣ ಸಣ್ಣ ತೂತಿನ ಸಾಲು ಹೋಗಿತ್ತು. ಬೆಂಚಲ್ಲಿ ಕೂತಿದ್ದ ಯಾರದ್ದೋ ಜೆರ್ಸಿಗೆ ಸ್ಟಾರ್ ಹೆಸರು ಹೊಲಿಯೋದು ಈ ಫೀಲ್ಡಲ್ಲಿ ಹಳೇ ಆಟ. ಹಂಗಂತ ತೂತು ಕಂಡ್ರೆಲ್ಲ ಮೋಸ ಅಂತಲ್ಲ, ಟೀಮಿನವ್ರೇ ಒಬ್ಬ ಬಿಟ್ಟುಹೋದ್ಮೇಲೆ ಅವನ ಜೆರ್ಸಿಗೆ ಇನ್ನೊಬ್ಬನ ಹೆಸರು ಹಾಕ್ಸಿ ಕೊಟ್ಟಿರೋದೂ ಉಂಟು. ಆದ್ರೆ ನಾನು ಕೇಳಿದ್ಮೇಲೆ ಈ ಸೆಲ್ಲರ್ ಮೆಸೇಜೇ ಮಾಡಲಿಲ್ಲ.

ಆಮೇಲೆ ಫೋಟೋಮ್ಯಾಚ್, ಅಂದ್ರೆ ಜೆರ್ಸೀನ ಮ್ಯಾಚಿನ ಫೋಟೋ ಜೊತೆ ಹೋಲಿಸಿ ಅದೇ ಇದು ಅಂತ ಖಾತ್ರಿ ಮಾಡ್ಕೊಳ್ಳೋದು. ಇದು ನನಗೆ ಆಟ ನೋಡೋದಕ್ಕಿಂತ ಇಷ್ಟ. ಮೆಶ್ ಬಟ್ಟೇಲಿ ತೂತುಗಳಿರುತ್ತಲ್ಲ, ಅದರ ಮೇಲೆ ನಂಬರ್ ಇಟ್ಟು ಹೊಲಿಯುವಾಗ ನಂಬರಿನ ಅಂಚು ಯಾವ ತೂತನ್ನ ಅರ್ಧ ಮುಚ್ಚುತ್ತೆ ಯಾವುದನ್ನ ಬಿಡುತ್ತೆ ಅನ್ನೋದು ಒಂದೊಂದು ಜೆರ್ಸೀಲಿ ಒಂದೊಂದು ಥರ, ಒಬ್ಬನೇ ಆಟಗಾರನ ಎರಡು ಜೆರ್ಸಿ ಪಕ್ಕ ಪಕ್ಕ ಇಟ್ರೂ ಒಂದೇ ಥರ ಬರಲ್ಲ. ಗೆಟ್ಟಿ ಇಮೇಜಸ್‌ನಲ್ಲಿ ಮ್ಯಾಚಿನ ಫೋಟೋ ದೊಡ್ಡದು ಮಾಡ್ಕೊಂಡು ಆ ಅಂಚಿನ ತೂತುಗಳನ್ನ ಹೋಲಿಸ್ಬೇಕು. ನನ್ನ ವಾಲ್ಟನ್ ಜೆರ್ಸೀಲಿ 4ರ ಅಡ್ಡಗೆರೆ ಬಲತುದೀಲಿ ಒಂದು ತೂತು ಸರಿಯಾಗಿ ಅರ್ಧ ಕಾಣುತ್ತೆ, ಅದರ ಕೆಳಗಿಂದು ಪೂರ್ತಿ, ಪಕ್ಕದಲ್ಲಿ ಒಂದು ದಾರ ಎದ್ದಿದೆ. ರಾತ್ರಿ ಊಟ ಆದ್ಮೇಲೆ ಕೂತ್ಕೊಂಡು ಹುಡುಕಿ ಹುಡುಕಿ ಕೊನೆಗೆ ಒಂದು ಫೋಟೋದಲ್ಲಿ ಆ ಅರ್ಧ ತೂತೂ ಆ ದಾರಾನೂ ಸಿಕ್ಕಿದಾಗ ಹೆಂಡ್ತಿನ ಎಬ್ಬಿಸಿ ತೋರಿಸ್ದೆ, ಬೈಸ್ಕೊಂಡೆ. ಬರೀ ಕಲರ್ರು, ನಂಬರ್ ಶೇಪು, ಕಾಲರ್ರು ಹೊಂದುತ್ತೆ ಅಂತ ತೋರ್ಸಿ ಮ್ಯಾಚ್ ಆಯ್ತು ಅನ್ನೋರಿದ್ದಾರೆ, ಅದು ಮ್ಯಾಚಲ್ಲ, ಅಂಗಡೀಲಿ ಮಾರೋ ಜೆರ್ಸೀಗೂ ಅದೆಲ್ಲ ಹೊಂದುತ್ತೆ. ಮೀಗ್ರೇ ಥರದ ಸಂಸ್ಥೆಗಳು ದುಡ್ಡು ತಗೊಂಡು ಈ ತೂತು ಹೋಲಿಸೋ ಕೆಲಸಾನೇ ಮಾಡಿ ಲೆಟರ್ ಕೊಡ್ತಾರೆ, ಮಾರೋ ಯೋಚನೆ ಇದ್ರೆ ಆ ಲೆಟರ್ ಬೇಕೇ ಬೇಕು.

ಲೇಬಲ್ ಬಗ್ಗೆ ಇಷ್ಟು ಗೊತ್ತಿದ್ರೆ ಸಾಕು: 2006-07ರಿಂದ 2016-17ರ ತನಕ ಜೆರ್ಸಿ ಮಾಡಿದ್ದು ಅಡಿಡಾಸ್, 2017-18ರಿಂದ ನೈಕಿ, ಎದೆ ಮೇಲೆ ಸ್ಪಾನ್ಸರ್ ಪ್ಯಾಚ್ ಬಂದಿದ್ದೂ ಆ ಸೀಸನ್ನಿಂದಾನೇ. 2012ರ ಮ್ಯಾಚಿಂದು ಅಂತ ಸ್ಪಾನ್ಸರ್ ಪ್ಯಾಚ್ ಇರೋ ಜೆರ್ಸಿ ತೋರಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಇಟ್ಕೊಳ್ಳೋದು ಹೇಗೆ ಅನ್ನೋದು ಹೆಂಡ್ತಿ ಕೊಟ್ಟ ಐಡಿಯಾ. ಅವಳು ಮೈಸೂರು ಸಿಲ್ಕ್ ಸೀರೆ ಇಡೋ ಹಾಗೇ, ಹಳೇ ಬಿಳಿ ಕಾಟನ್ ಪಂಚೇಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಿ ಇಡ್ತೀವಿ. ಪ್ಲಾಸ್ಟಿಕ್ ಕವರಲ್ಲಿ ಇಟ್ರೆ ಮಳೆಗಾಲಕ್ಕೆ ಒಳಗೇ ತೇವ ನಿಂತು ಮುಗ್ಗಲು ಹಿಡಿಯುತ್ತೆ. ನುಸಿ ಗುಳಿಗೆ ಬೇಡ, ಆ ವಾಸನೆ ಹೋಗಲ್ಲ. ಬೇಸಿಗೇಲಿ ನಂಬರಿಗೆ ನಂಬರ್ ಅಂಟ್ಕೋಬಾರದು ಅಂತ ಮಧ್ಯೆ ಬಟರ್ ಪೇಪರ್. ಒಗೆಯೋದಂತೂ ಇಲ್ವೇ ಇಲ್ಲ, ಆ ಎದ್ದ ದಾರ, ಕಲೆ, ಸವೆತ ಇದಾವೆ ಅಂತಾನೇ ಅದಕ್ಕೆ ಬೆಲೆ.

ಈಗ ಕಣ್ಣಿಟ್ಟಿರೋದು ಸತ್ನಾಮ್ ಸಿಂಗ್ ಜೆರ್ಸಿ ಮೇಲೆ. 2015ರಲ್ಲಿ, ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ, ಡಲ್ಲಾಸ್ ಮ್ಯಾವರಿಕ್ಸ್ ಟೀಮು 52ನೇ ಪಿಕ್ಕಲ್ಲಿ ತಗೊಂಡ ಪಂಜಾಬಿನ ಹುಡುಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಎನ್‌ಬಿಎ ಲೀಗ್ ಮ್ಯಾಚಿಗೆ ಇಳಿಯೋ ಚಾನ್ಸ್ ಸಿಗಲಿಲ್ಲ, ಕೆಳಗಿನ ಲೀಗಲ್ಲಿ ಟೆಕ್ಸಸ್ ಲೆಜೆಂಡ್ಸ್‌ಗೆ ಆಡಿದ, ಹಾಗಾಗಿ ನನಗೆ ಬೇಕಿರೋದೂ ಲೆಜೆಂಡ್ಸ್ ಜೆರ್ಸೀನೇ. ಕಷ್ಟ ಏನಂದ್ರೆ ಆ ಲೀಗಿನ ಮ್ಯಾಚುಗಳ ಫೋಟೋ ಕಮ್ಮಿ, ಫೋಟೋ ಇಲ್ದೆ ಮ್ಯಾಚ್ ಮಾಡೋದು ಹೆಂಗೆ? ಯಾರ ಹತ್ರಾನಾದ್ರೂ ಜೆರ್ಸಿ ಇದ್ರೆ ರೇಟ್ ಆಮೇಲೆ ಮಾತಾಡೋಣ, ಮೊದಲು ಒಳಗಡೆ ಫೋಟೋ ತೋರ್ಸಿ.