ದುಬೈ ರನ್‌ಗೆ ಹೊರಟಿರಾ? ಮೊದಲು ಮೆಟ್ರೊ ಲೆಕ್ಕ ಹಾಕಿ

ಮಗಳ ಮನೆಗೋ ಅಣ್ಣನ ಮನೆಗೋ ಎಂದು ದುಬೈಗೆ ಹೊರಡುವವರ ಪಟ್ಟಿಯಲ್ಲಿ ಬುರ್ಜ್ ಖಲೀಫಾ, ಮರಳುಗಾಡಿನ ಸಫಾರಿ, ಚಿನ್ನದ ಪೇಟೆ ಇದ್ದೇ ಇರುತ್ತವೆ. ವಿಮಾನದ ಟಿಕೆಟ್ ಇನ್ನೂ ತೆಗೆಸಿಲ್ಲವೆಂದರೆ ನವೆಂಬರ್ ಕೊನೆಯ ಭಾಗವನ್ನೊಮ್ಮೆ ಯೋಚಿಸಿ. ಆ ಹೊತ್ತಿನ ಒಂದು ಭಾನುವಾರ ಬೆಳಿಗ್ಗೆ, ಎಂದೂ ಕಾಲಿಡಲಾಗದ ಶೇಖ್ ಜಾಯೆದ್ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಜನರನ್ನು ಓಡಲು ಬಿಡುತ್ತಾರೆ. ಅದೇ ದುಬೈ ರನ್. 2019ರಲ್ಲಿ ಮೊದಲ ಸಲ ನಡೆದಾಗ ಸುಮಾರು 70 ಸಾವಿರ ಮಂದಿ ಬಂದಿದ್ದರು. 2024ರಲ್ಲಿ 2.78 ಲಕ್ಷ, 2025ರಲ್ಲಿ ಮೂರು ಲಕ್ಷ ದಾಟಿತು. ದಿನಕ್ಕೆ 30 ನಿಮಿಷದಂತೆ 30 ದಿನ ವ್ಯಾಯಾಮ ಮಾಡಿ ಎಂದು 2017ರಲ್ಲಿ ಶುರುವಾದ ದುಬೈ ಫಿಟ್‌ನೆಸ್ ಚಾಲೆಂಜ್‌ನ ಭಾಗ ಇದು.

ಪ್ರವೇಶ ಉಚಿತ. ಸಮಯ ಅಳೆಯುವುದಿಲ್ಲ, ಮೊದಲ ಸ್ಥಾನ ಕೊನೆಯ ಸ್ಥಾನ ಎಂಬುದಿಲ್ಲ. ನಡೆದರೂ ಸರಿ, ಮಗುವನ್ನು ಸ್ಟ್ರೋಲರ್‌ನಲ್ಲಿ ತಳ್ಳಿಕೊಂಡು ಹೋದರೂ ಸರಿ. ಹಾಗಾಗಿ ಇಲ್ಲಿ ಓಡುವುದು ದೊಡ್ಡ ಕೆಲಸವೇ ಅಲ್ಲ. ಅಷ್ಟು ಜನರ ನಡುವೆ ಹೊತ್ತಿಗೆ ಸರಿಯಾಗಿ ಸೇರಿಕೊಳ್ಳುವುದು, ಮುಗಿದ ಮೇಲೆ ಮನೆಯವರನ್ನು ಹುಡುಕಿಕೊಂಡು ಹೊರಬೀಳುವುದು, ಇದಕ್ಕೇ ತಯಾರಿ ಬೇಕು.

ಹೆಸರು ನೋಂದಣಿ

ದಿನಾಂಕ ವರ್ಷ ವರ್ಷ ಬದಲಾಗುತ್ತದೆ. 2023ರಲ್ಲಿ ನವೆಂಬರ್ 26, 2024ರಲ್ಲಿ 24, 2025ರಲ್ಲಿ 23. ಅಧಿಕೃತ ಜಾಲತಾಣದಲ್ಲಿ ದಿನಾಂಕ ನೋಡಿಕೊಂಡೇ ವಿಮಾನ ಕಾದಿರಿಸಿ. ನೋಂದಣಿ ಪೂರ್ತಿ ಆನ್‌ಲೈನ್. ಉಚಿತ ಓಟಕ್ಕೆ ದುಡ್ಡು ಕೇಳುವ ಮಧ್ಯವರ್ತಿ ಸಿಕ್ಕರೆ ದೂರವಿರಿ.

ಫಾರ್ಮ್ ತುಂಬುವಾಗಲೇ 5 ಕಿ.ಮೀ. ಬೇಕೋ 10 ಕಿ.ಮೀ. ಬೇಕೋ ತೀರ್ಮಾನಿಸಬೇಕು. ಪ್ರವಾಸಕ್ಕೆಂದು ಬಂದವರಿಗೆ 5 ಕಿ.ಮೀ. ಸಾಕು ಎನ್ನುವುದು ನನ್ನ ಅಭಿಪ್ರಾಯ. ಮ್ಯೂಸಿಯಂ ಆಫ್ ದಿ ಫ್ಯೂಚರ್ ಬಳಿ ಹೊರಟು, ಬುರ್ಜ್ ಖಲೀಫಾ, ದುಬೈ ಒಪೆರಾ ದಾಟಿ, ದುಬೈ ಮಾಲ್ ಹತ್ತಿರ ಮುಗಿಯುವುದು ಇದರ ರೂಢಿಯ ದಾರಿ. 828 ಮೀಟರ್ ಎತ್ತರದ ಕಟ್ಟಡದ ಬುಡದಲ್ಲೇ ಸಾಗುವುದರಿಂದ ಅರ್ಧ ದಾರಿ ಕತ್ತೆತ್ತಿಕೊಂಡೇ ಕಳೆಯುತ್ತದೆ. 10 ಕಿ.ಮೀ. ಹೊರಡುವುದೂ ಅಲ್ಲಿಂದಲೇ. ಅದು ಹೆದ್ದಾರಿಯಲ್ಲೇ ಮುಂದುವರಿದು, ದುಬೈ ಕಾಲುವೆಯ ಸೇತುವೆ ದಾಟಿ ತಿರುಗಿ ಬಂದು, ಡಿಐಎಫ್‌ಸಿ ಎಂಬ ಹಣಕಾಸು ಕೇಂದ್ರದ ಗೇಟ್ ಬಳಿ ಮುಗಿಯುತ್ತದೆ. ನೀವು ಹೋಗುವ ವರ್ಷದ ನಕ್ಷೆಯನ್ನು ತಪ್ಪದೆ ನೋಡಿ.

ಎರಡೂ ಒಂದೇ ಕಡೆ ಆರಂಭವಾಗಿ ಬೇರೆ ಬೇರೆ ಕಡೆ ಮುಗಿಯುತ್ತವೆ ಎಂಬುದನ್ನು ನೆನಪಿಡಿ. ಅಪ್ಪ 10 ಕಿ.ಮೀ.ಗೆ, ಅಮ್ಮ ಮಕ್ಕಳು 5 ಕಿ.ಮೀ.ಗೆ ಹೆಸರು ಕೊಟ್ಟರೆ ಕೊನೆಯಲ್ಲಿ ಒಬ್ಬರಿಗೊಬ್ಬರು ಸಿಗುವುದು ಸುಲಭವಲ್ಲ.

ಊರಲ್ಲೇ ಮಾಡಬೇಕಾದ ತಯಾರಿ

ಎರಡು ತಿಂಗಳು ಮೊದಲಿನಿಂದ ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ 5 ಕಿ.ಮೀ.ಗೆ ಕಾಲು ಪಳಗುತ್ತವೆ. ಕಬ್ಬನ್ ಪಾರ್ಕೋ ಕುಕ್ಕರಹಳ್ಳಿ ಕೆರೆ ಏರಿಯೋ ಹಿತವೇನೋ ಹೌದು, ಆದರೆ ದುಬೈನಲ್ಲಿ ನಿಮ್ಮ ಕಾಲಿಗೆ ಸಿಗುವುದು ಅಗಲವಾದ ಗಟ್ಟಿ ಡಾಂಬರು. ವಾರದಲ್ಲಿ ಒಂದು ದಿನವಾದರೂ ರಸ್ತೆಯ ಮೇಲೇ ನಡೆಯಿರಿ. ಬೂಟು ಪಳಗಿದ್ದಾಗಿರಲಿ. ದುಬೈ ಮಾಲ್‌ನಲ್ಲಿ ಹೊಸದು ಕೊಂಡು ಮರುದಿನವೇ ಹಾಕಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ, ಉಳಿದ ಪ್ರವಾಸ ಚಪ್ಪಲಿಯಲ್ಲೇ. ಹೃದಯದ ತೊಂದರೆ, ಬಿ.ಪಿ., ಶುಗರ್ ಇರುವವರು ಮೊದಲು ವೈದ್ಯರಿಗೊಂದು ಮಾತು ಹೇಳಿ.

ಸೂಟ್‌ಕೇಸ್ ಬಗ್ಗೆ ಎರಡು ಎಚ್ಚರಿಕೆ. ಮಂಡಿನೋವಿಗೆಂದು ಟ್ರಮಡಾಲ್ ಅಥವಾ ಕೋಡೀನ್ ಇರುವ ಮಾತ್ರೆ ತೆಗೆದುಕೊಳ್ಳುವವರು ಹಾಗೇ ಹೊರಡಬೇಡಿ. ಇವು ಯುಎಇಯಲ್ಲಿ ನಿಯಂತ್ರಿತ ಔಷಧಗಳು, ವೈದ್ಯರ ಚೀಟಿಯ ಜತೆಗೆ ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು. ಇನ್ನೊಂದು ಗಸಗಸೆ. ಮಗಳಿಗೆ ಪಾಯಸಕ್ಕಿರಲಿ ಎಂದು ಪೊಟ್ಟಣ ಕಟ್ಟುವ ಅಮ್ಮಂದಿರೇ, ಅಲ್ಲಿ ಅದು ನಿಷಿದ್ಧ. ಕಡಲೆಮಿಠಾಯಿ ಎಷ್ಟು ಬೇಕಾದರೂ ಒಯ್ಯಿರಿ.

ಹಿಂದಿನ ದಿನ

ಬಿಬ್, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಹಾಳೆ, ಮನೆ ಬಾಗಿಲಿಗೆ ಬರುವುದಿಲ್ಲ. ಓಟಕ್ಕೆ ಮೊದಲಿನ ದಿನಗಳಲ್ಲಿ ಅವರು ತಿಳಿಸಿದ ಸ್ಥಳಕ್ಕೆ ಹೋಗಿ ತರಬೇಕು. ನೋಂದಣಿಯ ಇಮೇಲ್ ಮತ್ತು ಗುರುತಿನ ಚೀಟಿ ಜತೆಗಿರಲಿ. ಕೊನೆಯ ಸಂಜೆ ಸಾಲು ಉದ್ದವಾಗಿರುತ್ತದೆ. ವಾರದ ನಡುವೆ ತಂದಿಟ್ಟುಕೊಂಡರೆ ನಿಶ್ಚಿಂತೆ.

ಇತ್ತೀಚಿನ ವರ್ಷಗಳಲ್ಲಿ ಟಿ-ಶರ್ಟನ್ನೂ ಕೊಟ್ಟಿದ್ದಾರೆ. ಚೆಂದವೇ, ಆದರೆ ರಸ್ತೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದೇ ಬಣ್ಣವಾದಾಗ ನಿಮ್ಮ ಮಗು ಯಾವುದು ಎಂದು ಗೊತ್ತಾಗುವುದು ಹೇಗೆ? ಮನೆಯವರೆಲ್ಲ ಟೋಪಿಗೋ ಮಣಿಕಟ್ಟಿಗೋ ಒಂದೇ ಥರದ ಬಟ್ಟೆ ತುಂಡು ಕಟ್ಟಿಕೊಳ್ಳಿ. ರಾಜ್ಯೋತ್ಸವದ ತಿಂಗಳು ಬೇರೆ, ಅರಿಶಿನ ಕುಂಕುಮದ ಬಣ್ಣದ ರಿಬ್ಬನ್ ಆದರೆ ದೂರದಿಂದಲೇ ಕಾಣುತ್ತದೆ. ಮಕ್ಕಳ ಬಿಬ್ ಹಿಂದೆ ಅಲ್ಲಿ ನಡೆಯುವ ಫೋನ್ ನಂಬರ್ ಬರೆಯಿರಿ.

ಆ ದಿನ ವಾಟ್ಸ್‌ಆ್ಯಪ್ ಕರೆ ಮಾಡಿಕೊಂಡರಾಯಿತು ಎಂದುಕೊಳ್ಳಬೇಡಿ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅದಕ್ಕೇ ಮುಗಿದ ಮೇಲೆ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕೆಂದು ರಾತ್ರಿಯೇ ಮಾತಾಡಿಕೊಳ್ಳಿ. ‘ಮಾಲ್ ಹತ್ತಿರ’ ಎಂದರೆ ಸಾಲದು, ಆ ಮಾಲ್‌ಗೆ ಹತ್ತಾರು ಬಾಗಿಲು. ಇಂಥ ಬಾಗಿಲು ಎಂದು ಗೊತ್ತು ಮಾಡಿ.

ಮೆಟ್ರೊಗೆ ನೋಲ್ ಕಾರ್ಡ್ ಬೇಕು, ತಲೆಗೊಂದು. ಬೆಳ್ಳಿ ಬಣ್ಣದ್ದು ಎಲ್ಲ ನಿಲ್ದಾಣಗಳಲ್ಲೂ ಸಿಗುತ್ತದೆ. ಹೋಗಿ ಬರುವಷ್ಟು ಹಣವನ್ನು ಹಿಂದಿನ ದಿನವೇ ಹಾಕಿಸಿ. ನಸುಕಿನಲ್ಲಿ ಯಂತ್ರದ ಮುಂದೆ ಸಾಲು ಹನುಮಂತನ ಬಾಲದಂತಿರುತ್ತದೆ.

ಓಟದ ಬೆಳಿಗ್ಗೆ

ಭಾನುವಾರ ದುಬೈ ಮೆಟ್ರೊ ಸಾಮಾನ್ಯವಾಗಿ ಎಂಟು ಗಂಟೆಗೆ ಶುರು. ಓಟದ ದಿನ ಮಾತ್ರ ನಸುಕಿನ ಮೂರು ಮೂರೂವರೆಗೇ ಬಿಡುತ್ತಾರೆ. ಹೆದ್ದಾರಿ ಮುಚ್ಚಿರುವುದರಿಂದ ಟ್ಯಾಕ್ಸಿ, ಸ್ವಂತ ಕಾರು ನಂಬಿದರೆ ಕೆಟ್ಟಿರಿ. ಕೆಂಪು ಮಾರ್ಗದ ಎಮಿರೇಟ್ಸ್ ಟವರ್ಸ್ ನಿಲ್ದಾಣ ಮ್ಯೂಸಿಯಂ ಪಕ್ಕದಲ್ಲೇ ಇದೆ. ಅಲ್ಲಿ ಇಳಿಯುವವರೂ ಅಷ್ಟೇ ಜಾಸ್ತಿ. ಯಾವ ನಿಲ್ದಾಣ ಬಳಸಬೇಕೆಂದು ಸಂಘಟಕರು ಹೇಳಿದರೆ ಅದನ್ನೇ ಕೇಳಿ, ಒಂದು ನಿಲ್ದಾಣದಷ್ಟು ನಡೆದರೂ ನಷ್ಟವಿಲ್ಲ.

ಓಟ ಆರೂವರೆ ಸುಮಾರಿಗೆ. ಐದಕ್ಕೆ ಅಲ್ಲಿರಬೇಕೆಂದರೆ ನಾಲ್ಕಕ್ಕೆ ಮನೆ ಬಿಡಬೇಕು. ಭಯಪಡಬೇಡಿ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿನ ನಾಲ್ಕು ಎಂದರೆ ನಮ್ಮ ಐದೂವರೆ. ಊರಿಂದ ಬಂದು ಎರಡು ದಿನವಾಗಿರುವವರಿಗೆ ಅಲಾರಂ ಇಲ್ಲದೆಯೇ ಎಚ್ಚರವಾಗುತ್ತದೆ. ಕಷ್ಟಪಡುವವರು ಅಲ್ಲೇ ಇರುವ ಅಳಿಯಂದಿರು.

ಹೊರಡುವ ಮೊದಲು ಬಾಳೆಹಣ್ಣೋ ಎರಡು ಖರ್ಜೂರವೋ ಮನೆಯಲ್ಲೇ ತಿನ್ನಿ. ಮೆಟ್ರೊದೊಳಗೆ ತಿನ್ನುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ. ಸಿಕ್ಕಿಬಿದ್ದರೆ 100 ದಿರ್ಹಂ ದಂಡ. ದಾರಿಯಲ್ಲಿ ನೀರು ಕೊಡುತ್ತಾರೆ, ಆದ್ದರಿಂದ ದೊಡ್ಡ ಬ್ಯಾಗ್ ಬೇಡ. ಸೊಂಟದ ಪೌಚ್‌ನಲ್ಲಿ ಫೋನ್, ನೋಲ್ ಕಾರ್ಡ್, ಸ್ವಲ್ಪ ದಿರ್ಹಂ ಸಾಕು. ಪಾಸ್‌ಪೋರ್ಟ್ ಮನೆಯಲ್ಲಿರಲಿ, ಅದರ ಚಿತ್ರ ಫೋನಿನಲ್ಲಿರಲಿ. ನಸುಕಿನಲ್ಲಿ 20 ಡಿಗ್ರಿ ಆಸುಪಾಸು, ಹಿತವಾದ ಹವೆ. ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹೊತ್ತಿಗೆ. ಎಂಟಾಗುತ್ತಿದ್ದಂತೆ ಬಿಸಿಲು ಚುರುಗುಟ್ಟುವುದರಿಂದ ಟೋಪಿ ಬೇಕೇ ಬೇಕು.

ಮೊದಲ ಕಿಲೋಮೀಟರಿನಲ್ಲಿ ಓಡಲು ಜಾಗವೇ ಸಿಗುವುದಿಲ್ಲ. ನುಗ್ಗಬೇಡಿ, ಜನರ ಜತೆ ಹೆಜ್ಜೆ ಹಾಕಿ. ನಡೆಯುವವರು ಅಂಚಿಗಿರಿ. ಸೆಲ್ಫಿ ಬೇಕೆಂದರೆ ಅಂಚಿಗೆ ಸರಿದ ಮೇಲೆ ತೆಗೆಯಿರಿ, ನಡುರಸ್ತೆಯಲ್ಲಿ ಗಕ್ಕನೆ ನಿಂತರೆ ಹಿಂದಿನವರು ಮೈಮೇಲೇ ಬೀಳುತ್ತಾರೆ. ಅಪರಿಚಿತರ, ಅದರಲ್ಲೂ ಹೆಂಗಸರು ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಅಲ್ಲಿ ಅದು ಕಾನೂನಿನ ವಿಷಯ.

ಮುಗಿದ ಮೇಲೆ

ಗೆರೆ ದಾಟಿದವರೆಲ್ಲ ಒಟ್ಟಿಗೇ ಹತ್ತಿರದ ನಿಲ್ದಾಣಕ್ಕೆ ನುಗ್ಗುತ್ತಾರೆ. ನೀವು ಒಂದು ಗಂಟೆ ತಡೆಯಿರಿ. ಕಾಲು ಸಡಿಲಿಸಿಕೊಂಡು, ನೆರಳಲ್ಲಿ ಕೂತು, ಜನ ಕರಗಿದ ಮೇಲೆ ಹೊರಡಿ. ಇಡ್ಲಿ ವಡೆಯೇ ಬೇಕು ಎನ್ನುವವರಿಗೆ ಕರಾಮಾ, ಬರ್ ದುಬೈ ಕಡೆ ಉಡುಪಿ ಹೋಟೆಲುಗಳುಂಟು. ಮಧ್ಯಾಹ್ನಕ್ಕೆ ಸಫಾರಿ ಇಟ್ಟುಕೊಳ್ಳಬೇಡಿ. ಊರಿಗೆ ಮರಳುವ ವಿಮಾನವೂ ಅದೇ ದಿನವಾದರೆ ಸಂಜೆಯ ನಂತರದ್ದಿರಲಿ. ಹೆದ್ದಾರಿ ತೆರೆದ ಮೇಲೂ ರಸ್ತೆಗಳು ಸಲೀಸಾಗಲು ಹೊತ್ತು ಹಿಡಿಯುತ್ತದೆ.