ನಕ್ಷೆಯನ್ನು ಸುಣ್ಣದಲ್ಲಿ ಬರೆದು ನೋಡಿದ ಮೇಲೆ

ಮೂವತ್ತು-ನಲವತ್ತರ ನಿವೇಶನದ ಮನೆಯ ನಕ್ಷೆಯನ್ನು ಕಾಗದದ ಮೇಲೆ ನೋಡಿ ಒಪ್ಪುವುದನ್ನು ಬಿಟ್ಟು ಐದಾರು ವರ್ಷವಾಗಿರಬೇಕು. ಈಗ ಇಡೀ ನಕ್ಷೆಯನ್ನು ನಿವೇಶನದಲ್ಲೇ ಪೂರ್ಣ ಅಳತೆಗೆ ಸುಣ್ಣದ ಪುಡಿಯಲ್ಲಿ ಹಾಕಿಸುತ್ತೇನೆ. ಪಾಯಕ್ಕೆ ಮಾರ್ಕಿಂಗ್ ಎಲ್ಲರೂ ಮಾಡುತ್ತಾರೆ. ನಾನು ಹಾಕಿಸುವುದು ಮಂಚ, ಬೀರು, ಫ್ರಿಜ್, ತೆರೆದ ಬಾಗಿಲು ಸಮೇತ. ಮೊದಲ ಸಲ ನಮ್ಮ ಮೇಸ್ತ್ರಿ, "ಸಾರ್, ಹಾಲು ಉಕ್ಕಿಸುವುದೂ ಇವತ್ತೇ ಏನು?" ಎಂದು ನಕ್ಕಿದ್ದರು.

ಅದಕ್ಕೂ ಮೊದಲು ಥರ್ಮಾಕೋಲ್ ಮಾದರಿ ಮಾಡಿಸಿ ನೋಡಿದ್ದೆ. ಮೂರು ಸಾವಿರ ಖರ್ಚಾಯಿತು, ಆಡಿಕೊಳ್ಳಲು ಮಕ್ಕಳಿಗೆ ಸಿಕ್ಕಿತು. ಕಂಪ್ಯೂಟರಿನ ತ್ರೀಡಿ ಚಿತ್ರವನ್ನಂತೂ ನಂಬಲೇಬೇಡಿ. ಅದರಲ್ಲಿ ಆರಡಿ ಮಂಚದ ಜಾಗದಲ್ಲಿ ಐದಡಿಯದನ್ನು ಕೂರಿಸಿ ಕೋಣೆಯನ್ನು ದೊಡ್ಡದು ಮಾಡಿರುತ್ತಾರೆ.

ಮೈಸೂರಿನ ಹೊರವಲಯದ ಒಂದು ಪೂರ್ವಾಭಿಮುಖ ಮನೆಯಲ್ಲಿ ಈ ಪದ್ಧತಿಗೆ ಬೆಲೆ ಬಂತು. ಕೆಳಗಿನ ಕೋಣೆ ಅಜ್ಜಿಗೆ, 10 ಅಡಿಗೆ 11. ಕಾಗದದ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಸುಣ್ಣದಲ್ಲಿ ಹಾಕಿದಾಗ ಆರೂವರೆ ಅಡಿ ಉದ್ದದ ಮಂಚ, ಅದರ ಎದುರು ಎರಡಡಿಯ ಬೀರು ಹೋಗಿ ನಡುವೆ ಉಳಿದದ್ದು ಒಂದೂವರೆ ಅಡಿ. ಅದರಲ್ಲಿ ಗಿಲಾವು, ಅಂದರೆ ಗೋಡೆಗೆ ಬಳಿಯುವ ಗಾರೆ, ಒಂದಿಂಚನ್ನಾದರೂ ತಿನ್ನುತ್ತದೆ. ಬೀರುವಿನ ಬಾಗಿಲು ಪೂರ್ತಿ ತೆರೆಯುವ ಹಾಗೇ ಇಲ್ಲ. ಬಚ್ಚಲಿನ ಬಾಗಿಲು ನಕ್ಷೆಯಲ್ಲಿ ಎರಡೂವರೆ ಅಡಿ ಇತ್ತು. ಎರಡೂ ಕಡೆ ಮೂರು ಮೂರು ಇಂಚು ಚೌಕಟ್ಟು ಕಳೆದರೆ ದಾರಿ ಎರಡೇ ಅಡಿ. ಗಾಲಿಕುರ್ಚಿಯೊಂದನ್ನು ಎರವಲು ತಂದು ನೂಕಿಸಿದೆ. ಚೌಕಟ್ಟಿನ ಗುರುತಿಗೆ ಇಟ್ಟಿದ್ದ ಎರಡು ಇಟ್ಟಿಗೆಗಳಿಗೆ ತಗುಲಿ ನಿಂತಿತು. ಬಾಗಿಲು ಮೂರಡಿಯಾಯಿತು, ಬೀರು ಪಕ್ಕದ ಗೋಡೆಗೆ ಹೋಯಿತು. ನಕ್ಷೆ ತಿದ್ದಿಸಲು ಕೆಲವು ನೂರು ರೂಪಾಯಿ. ಬೇರೊಂದು ಮನೆಯಲ್ಲಿ ಇದೇ ಬಾಗಿಲನ್ನು ಟೈಲ್ಸ್ ಹಾಕಿದ ಮೇಲೆ ಒಡೆದು ಅಗಲಿಸಲು ಮೂವತ್ತು ಸಾವಿರದ ಹತ್ತಿರ ಹೋಗಿತ್ತು. ಅರ್ಧ ನನ್ನ ಜೇಬಿನಿಂದ.

ಒಂದು ತೊಡಕಿದೆ. ಬಯಲಿನಲ್ಲಿ ಬರೆದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಮಾಲೀಕರು "ಇದೇನು ಬೆಂಕಿಪೊಟ್ಟಣವೇ" ಎಂದು ಗಾಬರಿಯಾಗುತ್ತಾರೆ. ಬಿದಿರು ಗಳ ನೆಟ್ಟು ಹಳೆಯ ಸೀರೆ ಕಟ್ಟಿಸಿದರೆ ಕಣ್ಣಿಗೆ ಗೋಡೆಯ ಅಂದಾಜು ಸಿಗುತ್ತದೆ. ಅದೇ ಗಳಗಳ ನೆರಳಿನಲ್ಲಿ ಪಡುವಣ ಬಿಸಿಲು ಎಲ್ಲಿಗೆ ಬೀಳುತ್ತದೆ ಎಂದೂ ನೋಡಿದೆ. ಆ ಪ್ರಯೋಗ ಅರ್ಧ ಫಲಿಸಿತು: ಪಕ್ಕದ ನಿವೇಶನದವರು ನಾಳೆ ಎರಡು ಮಹಡಿ ಎಬ್ಬಿಸಿದರೆ ಲೆಕ್ಕವೆಲ್ಲ ಬುಡಮೇಲು.

ಮೆಟ್ಟಿಲಿನ ಜಾಗವನ್ನು ನೆಲದ ಮೇಲೆಯೇ ಪರೀಕ್ಷಿಸಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ವಾಸ್ತು ನೋಡುವವರನ್ನು ಮಾತ್ರ ಅದೇ ದಿನ ಕರೆಸಿಬಿಡಿ. ಅಡುಗೆಮನೆ ಇನ್ನೂ ಆಗ್ನೇಯಕ್ಕೆ ಸರಿಯಬೇಕೆಂದರೆ ಆಗ ಪೊರಕೆ ಸಾಕು.

ಸುಣ್ಣ, ಇಬ್ಬರ ಕೂಲಿ ಎಲ್ಲ ಸೇರಿ ಎರಡೂವರೆ, ಮೂರು ಸಾವಿರ. ಮಳೆಗಾಲದಲ್ಲಿ ಮೂಲೆಗಳಿಗೆ ಗೂಟ ಹೊಡೆದು ದಾರ ಕಟ್ಟಿಡಿ. ಒಂದು ಮಳೆಗೆ ಗೆರೆ ತೊಳೆದುಹೋದರೆ ಎರಡನೆಯ ಸಲದ ಕೂಲಿಯನ್ನು ಯಾವ ಮಾಲೀಕರೂ ಕೊಡುವುದಿಲ್ಲ.