ನಂದಿ ಬೈಕುಗಳು ಮತ್ತು ನಮ್ಮ ಕೆಂಪ

ನಮ್ಮ ಮನೆ ನಂದಿ ಬೆಟ್ಟದ ಬುಡದಲ್ಲಿ, ರಸ್ತೆಗೆ ಅಂಟಿಕೊಂಡಂತೆ ಇದೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಸೂರ್ಯೋದಯ ನೋಡೋರ ಬೈಕುಗಳು ಶುರು. ನಮ್ಮ ನಾಟಿ ನಾಯಿ ಕೆಂಪನಿಗೆ ಒಂದೊಂದು ಬೈಕೂ ಒಬ್ಬೊಬ್ಬ ಕಳ್ಳ. ಬೊಗಳುತ್ತಾನೆ, ಬೈಕು ಹೋಗಿಬಿಡುತ್ತದೆ. ತಾನೇ ಓಡಿಸಿದೆ ಅಂತ ಅವನ ಲೆಕ್ಕ. ಇನ್ನು ನಿಲ್ಲಿಸೋದು ಯಾಕೆ, ಅಲ್ವಾ?

"ಏನಪ್ಪಾ, ನಿಮ್ಮ ನಾಯಿಗೆ ನೈಟ್ ಡ್ಯೂಟೀನಾ?" ಅಂತ ಪಕ್ಕದ ಮನೆ ಅಕ್ಕ ಕೇಳಿದಾಗ ನಾಚಿಕೆ ಆಯಿತು.

ಮೊದಮೊದಲು ನಾನೂ ತಪ್ಪೇ ಮಾಡಿದೆ. "ಏಯ್, ಸುಮ್ನಿರೋ" ಅಂತ ಕೂಗಿದರೆ, ಯಜಮಾನನೂ ಜೊತೆಗೆ ಬೊಗಳ್ತಿದ್ದಾನೆ ಅನ್ನೋ ಹಾಗೆ ಅವನಿಗೆ ಇನ್ನೂ ಹುರುಪು. ಗೇಟಿನ ಹತ್ತಿರ ಸರಪಳಿ ಹಾಕಿದೆ, ಜಾಸ್ತಿಯೇ ಆಯಿತು. ಯಾರೋ ಕರೆಂಟ್ ಶಾಕ್ ಕೊಡೋ ಬೆಲ್ಟ್ ತಗೋ ಅಂದರು. ಬೈಕಿನ ಸದ್ದಿಗೆ ನೋವೂ ಸೇರಿಕೊಂಡರೆ ನಾಳೆ ಕಚ್ಚೋಕೆ ಹೋಗಬಹುದು. ಬೇಡ ಅಂದೆ.

ಕಿವಿ ನೋವು ಇದ್ದರೂ ನಾಯಿ ಕಿರಿಕಿರಿ ಮಾಡುತ್ತದೆ. ಅದಕ್ಕೇ ಪಶುವೈದ್ಯರಿಗೆ ತೋರಿಸಿದೆ, ಏನೂ ಇರಲಿಲ್ಲ. ಆಮೇಲೆ ಗೇಟಿಗೆ ಟೊಮೆಟೊ ನರ್ಸರಿಯ ಹಸಿರು ನೆಟ್ ಕಟ್ಟಿದೆ. ಒಂದೇ ಪದರ ಕಟ್ಟಿದ್ದಾಗ ಮೂಗು ಒತ್ತಿ ಇಣುಕುತ್ತಿದ್ದ. ಎರಡು ಪದರ ಮಾಡಿದ ಮೇಲೆ ಆಚೆ ಕಾಣಲಿಲ್ಲ. ಮಲಗೋ ಜಾಗ ಹಿಂದಿನ ಕೊಟ್ಟಿಗೆಗೆ ಬದಲಾಯಿತು. ಸಂಜೆ ಹೊಲದ ಬದುವಿನಲ್ಲಿ ಮುಕ್ಕಾಲು ಗಂಟೆ ಸುತ್ತಾಟ. ಕಂಡಕಂಡ ಗಿಡ ಮೂಸೋಕೆ ಬಿಡುತ್ತೇನೆ, ಅದರಲ್ಲೇ ಅರ್ಧ ಸುಸ್ತಾಗುತ್ತಾನೆ.

ನಿಜವಾದ ಕೆಲಸ ಮಾಡಿದ್ದು ಬೇಯಿಸಿದ ಮೊಟ್ಟೆ. ಬೈಕಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಕಿವಿ ಮಾತ್ರ ಅಲ್ಲಾಡಬೇಕು, ಅಷ್ಟು ಸಣ್ಣಗೆ ಹಾಕೋದು. ಕಡಲೆಕಾಳಿನಷ್ಟು ಮೊಟ್ಟೆ ಬಾಯಿಗೆ. ದಿನಕ್ಕೆ ಐದೇ ನಿಮಿಷ. ಅವಸರ ಬಿದ್ದು ಒಂದು ದಿನ ಜೋರಾಗಿ ಹಾಕಿದೆ, ಎದ್ದು ಬೊಗಳಿದ. ಮತ್ತೆ ಸಣ್ಣ ಸದ್ದಿನಿಂದಲೇ ಶುರು ಮಾಡಬೇಕಾಯಿತು. ಬೊಗಳುವಾಗಲೂ ನಡುವೆ ಉಸಿರಿಗೆ ಒಂದು ಕ್ಷಣ ನಿಲ್ಲಿಸುತ್ತಾನೆ. ಆ ಕ್ಷಣಕ್ಕೆ ಸರಿಯಾಗಿ "ಸಾಕು" ಅಂದು ಮೊಟ್ಟೆ ಕೊಡುತ್ತಿದ್ದೆ. ಬೊಗಳ್ತಿರುವಾಗಲೇ ಅಂದರೆ ಆ ಮಾತಿಗೆ ಬೆಲೆಯೇ ಇರಲ್ಲ.

ಅಂದಹಾಗೆ, ನಮ್ಮ ಕಡೆ ದ್ರಾಕ್ಷಿ ಜಾಸ್ತಿ ಅಂತ ಅದನ್ನು ಮಾತ್ರ ಕೊಡಬೇಡಿ. ನಾಯಿಯ ಕಿಡ್ನಿಯೇ ಹೋಗಬಹುದು. ಒಣದ್ರಾಕ್ಷಿಯೂ ಬೇಡ.

ಎರಡು ತಿಂಗಳು ಹಿಡಿಯಿತು. ಈಗ ಭಾನುವಾರ ಎರಡು ಸಲ ಬೊಗಳಿ, ತಿರುಗಿ ನನ್ನ ಬಾಗಿಲು ನೋಡುತ್ತಾನೆ. "ಸಾಕು" ಅಂದರೆ ಬಂದು ಮೊಟ್ಟೆಗೆ ನಿಲ್ಲುತ್ತಾನೆ. ಕೋತಿ ಬಂದರೆ ಮಾತ್ರ ಮೊದಲಿನಷ್ಟೇ ರಂಪ. ಅದಕ್ಕೆ ನಾನು ಏನೂ ಕಲಿಸಿಲ್ಲ, ಕಲಿಸೋದೂ ಇಲ್ಲ. ಹಿತ್ತಲ ಸೀಬೆಕಾಯಿ ಉಳಿಯಬೇಕಲ್ಲ.